ನೋಜಲಿಗೆ ಸುತ್ತಿದ ನೂಲು

ಕಾಫಿ ಮಿಷಿನಿನ ರಿಪೇರಿಗೆ ಹೊಸದಾಗಿ ಇಳಿದವರು ಈಗಲೂ ಒಬ್ಬಿಬ್ಬರು ನನ್ನನ್ನು ಹುಡುಕಿಕೊಂಡು ಬಂಟ್ವಾಳಕ್ಕೆ ಬರುತ್ತಾರೆ. ಬಂದವರ ಮೊದಲ ಪ್ರಶ್ನೆ ಒಂದೇ. "ವಾಮನಣ್ಣ, ನೋಜಲಿಗೆ ಎಷ್ಟು ತೂತು ಇರ್ಬೇಕು?" ಬಾಯ್ಲರ್ ಎಷ್ಟು ದೊಡ್ಡದು, ಮಿಷಿನು ಎಲ್ಲಿ ಇಡುವುದು, ಕುಡಿಯುವವರು ಯಾರು ಎಂದು ನಾನು ತಿರುಗಿ ಕೇಳಿದರೆ ಅವರಿಗೆ ಬೇಸರ. ಅವರಿಗೆ ಬೇಕಾದದ್ದು ಒಂದು ಅಂಕಿ. ಅಂಥ ಅಂಕಿ ನನ್ನ ಕೈಯಲ್ಲಿ ಇದ್ದಿದ್ದರೆ ಮೂವತ್ತೈದು ವರ್ಷ ಲೇತಿನ ಮುಂದೆ ನಿಂತು ಮಂಡಿ ಸವೆಸಿಕೊಳ್ಳುತ್ತಿರಲಿಲ್ಲ. ಅಂಕಿ ಕೊಡಲಾರದ್ದಕ್ಕೆ ಇದನ್ನು ಬರೆದಿಡುತ್ತಿದ್ದೇನೆ.

ಮಿಷಿನಿನಿಂದ ಹಬೆ ತರುವ ಸಪೂರ ಕೊಳವೆಯ ತುದಿಯಲ್ಲಿ ಒಂದು ಸಣ್ಣ ಹಿತ್ತಾಳೆಯ ಮೂತಿ ಇರುತ್ತದೆ. ಅದೇ ನೋಜಲ್. ಅದನ್ನು ಹಾಲಿನಲ್ಲಿ ಮುಳುಗಿಸಿ ಹಬೆ ಬಿಟ್ಟರೆ ಹಾಲು ಕಾಯುತ್ತದೆ, ನೊರೆ ಏಳುತ್ತದೆ. ತೂತು ಸರಿ ಇದ್ದರೆ ನೊರೆ ಬೆಣ್ಣೆಯ ಹಾಗೆ ನಯವಾಗಿ ಬರುತ್ತದೆ. ತಪ್ಪಿದರೆ ಬಟ್ಟೆ ಒಗೆಯುವ ಬಾಲ್ದಿಯ ಗುಳ್ಳೆ. ನನ್ನ ಕೆಲಸವೆಲ್ಲ ಆ ಒಂದು ಕಾಳಿನಷ್ಟು ಹಿತ್ತಾಳೆಯ ಮೇಲೆ ನಡೆದದ್ದು.

ಬಂಟ್ವಾಳ ಪೇಟೆಯ ನಮ್ಮ ವರ್ಕ್‌ಶಾಪಿನ ಧಣಿ ಬೊನಿಫಾಸ್ ಪೊರ್ಬುಗಳು. ಕ್ರೈಸ್ತ ಹಿರಿಯರನ್ನು ನಮ್ಮಲ್ಲಿ ಗೌರವದಿಂದ ಕರೆಯುವುದೇ ಹಾಗೆ. ನಾನು ಸೇರಿದಾಗ ಅಲ್ಲಿ ಇದ್ದದ್ದು ನೀರಿನ ಪಂಪಿನ ಕೆಲಸ, ಅಕ್ಕಿ ಮಿಲ್ಲಿನ ಶಾಫ್ಟಿನ ಕೆಲಸ. ಎಪ್ಪತ್ತರ ದಶಕದ ನಡುವಿಗೆ ಪೇಟೆಯ ಹೋಟೆಲುಗಳಿಗೆ ಎಕ್ಸ್‌ಪ್ರೆಸೊ ಮಿಷಿನು ಬರತೊಡಗಿತು. ಬಂದ ಮಿಷಿನಿಗೆ ಬಿಡಿಭಾಗ ಬೊಂಬಾಯಿಯಿಂದ ಬರಬೇಕು, ಅದು ಬರುವಷ್ಟರಲ್ಲಿ ಗಿರಾಕಿ ಪಕ್ಕದ ಹೋಟೆಲಿಗೆ ಹೋಗಿರುತ್ತಾನೆ. ಹಾಗಾಗಿ ನೋಜಲ್ ಮಾಡುವ ಕೆಲಸ ಪೊರ್ಬುಗಳ ಬಾಗಿಲಿಗೆ ಬಂತು, ಅಲ್ಲಿಂದ ನನ್ನ ಲೇತಿಗೆ ಬಂತು.

ಪೊರ್ಬುಗಳಿಗೆ ಅಳತೆಪಟ್ಟಿಗಿಂತ ಕಿವಿಯ ಮೇಲೆ ಭರವಸೆ. ಹೊಸ ನೋಜಲನ್ನು ಹಾಲಿನಲ್ಲಿ ಅದ್ದಿ ನನಗೆ ಬೆನ್ನು ಹಾಕಿ ನಿಲ್ಲಲು ಹೇಳುತ್ತಿದ್ದರು. "ನೋಡ್ಬೇಡ, ಕೇಳು. ಹಳೇ ಲುಂಗಿ ಹರಿದ ಹಾಗೆ ಶಬ್ದ ಬರ್ತದಾ? ಹಾಗಾದ್ರೆ ಸರಿ ಉಂಟು. ಕಿರುಚಿದ್ರೆ ತೂತು ಹಾಲಿನ ಅಡಿಯಲ್ಲಿ ಉಂಟು, ಗೊಳಗೊಳ ಹೇಳಿದ್ರೆ ಮೇಲೆ ಉಂಟು." ಈಗಿನವರ ಹತ್ತಿರ ಥರ್ಮಾಮೀಟರು ಇರುತ್ತದೆ. ಇರಲಿ, ನಾನು ಬೇಡವೆನ್ನುವುದಿಲ್ಲ. ಲುಂಗಿ ಹರಿದ ಶಬ್ದವನ್ನೂ ಒಮ್ಮೆ ಕೇಳಿ ಎನ್ನುತ್ತೇನೆ ಅಷ್ಟೆ.

ಮೊದಲ ವರ್ಷವೇ ಮೂಡುಬಿದಿರೆಯ ಒಂದು ಹೋಟೆಲಿನಲ್ಲಿ ಮರ್ಯಾದೆ ಹೋಗುವಂಥ ಎಡವಟ್ಟಾಯಿತು. ನೋಜಲ್ ಚೆನ್ನಾಗಿಯೇ ಮಾಡಿಕೊಟ್ಟಿದ್ದೆ. ಹಾಲು ಕಾಯಿಸಿದ ಮೇಲೆ ಒಮ್ಮೆ ಹಬೆ ಬಿಟ್ಟು ಕೊಳವೆ ಖಾಲಿ ಮಾಡಬೇಕೆಂದು ಹೇಳಲು ಮರೆತೆ. ಕೊಳವೆ ತಣ್ಣಗಾಗುತ್ತ ಹಾಲನ್ನು ಒಳಗೆ ಎಳೆದುಕೊಳ್ಳುತ್ತದೆ. ವಾರ ಕಳೆಯುವಷ್ಟರಲ್ಲಿ ಬಾಯ್ಲರಿನ ಒಳಗೆ ಹಾಲು ಹಳಸಿ, ಕಾಫಿ ಕುಡಿಯಲು ಬಂದವರು ಚರಂಡಿ ಎಲ್ಲಿ ಒಡೆದಿದೆ ಎಂದು ವಿಚಾರಿಸುವಂತಾಯಿತು. ಇಡೀ ದಿನ ಕೂತು ಬಾಯ್ಲರ್ ತೊಳೆದೆ. ಆಮೇಲೆ ನೋಜಲ್ ಕೊಡುವಾಗ ಒರೆಸುವ ಬಟ್ಟೆಯನ್ನೂ ನಾನೇ ಕೊಡತೊಡಗಿದೆ.

ಹೆಸರು ತಂದುಕೊಟ್ಟದ್ದು ಬೆಳ್ತಂಗಡಿಯ ಭಟ್ರ ಹೋಟೆಲು. ಧರ್ಮಸ್ಥಳಕ್ಕೆ ಹೋಗುವ ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಆ ಹತ್ತು ನಿಮಿಷದಲ್ಲಿ ಬಸ್ಸಿನವರೆಲ್ಲ ಕಾಫಿ ಕುಡಿದು ಏಳಬೇಕು. ಮಿಷಿನಿನ ನೋಜಲಿಗೆ ಎರಡೇ ತೂತು, ಹಾಲು ಕಾಯುವುದರೊಳಗೆ ಕಂಡಕ್ಟರ್ ಸೀಟಿ ಹೊಡೆಯುತ್ತಿದ್ದ. "ಎಂಥ ಮಾಡುದು ಮಾರಾಯ, ಅರ್ಧ ಜನ ಕೈಯಲ್ಲಿ ಲೋಟ ಹಿಡ್ಕೊಂಡೇ ಬಸ್ಸಿಗೆ ಓಡ್ತಾರೆ. ನನ್ನ ಲೋಟ ಎಲ್ಲ ಧರ್ಮಸ್ಥಳ ಸೇರಿತು" ಎಂದರು ಭಟ್ರು. ಒಂದೂವರೆ ಮಿಲಿಮೀಟರಿನ ನಾಲ್ಕು ತೂತು, ನಾಲ್ಕೂ ಓರೆಯಾಗಿ ಹೊರಮುಖಕ್ಕೆ ಕೊರೆದುಕೊಟ್ಟೆ. ಅವರದ್ದು ಕೊಡಪಾನದಷ್ಟು ದೊಡ್ಡ ಬಾಯ್ಲರ್, ಹಬೆಗೆ ಬರವಿಲ್ಲ. ಹಾಲು ಸುಳಿ ಹೊಡೆದು ಗಳಿಗೆಯಲ್ಲಿ ಕಾದಿತು. ಭಟ್ರ ಲೋಟ ಉಳಿಯಿತು. ನನಗೆ ನಾಲ್ಕು ತೂತಿನ ವಾಮನ ಎಂದು ಹೆಸರು ಬಿತ್ತು. ಆ ಹೆಸರು ಕೇಳಿ ನಾನು ಒಳಗೊಳಗೇ ಉಬ್ಬಿದೆ. ಯಾವ ಮಿಷಿನು ಬಂದರೂ ನಾಲ್ಕು ತೂತು ಎನ್ನತೊಡಗಿದೆ.

ಇನ್ನು ಹೇಳುವುದೇ ನಾನು ಹೇಳಲು ಕೂತ ವಿಷಯ.

ಎಂಬತ್ತರ ದಶಕದ ಮೊದಲ ವರ್ಷಗಳು. ಒಂದು ಶನಿವಾರ ಮಧ್ಯಾಹ್ನ ಬೆಳುವಾಯಿಯ ಸುಮತಿ ಟೀಚರ್ ವರ್ಕ್‌ಶಾಪಿಗೆ ಬಂದರು. ಮೂಡುಬಿದಿರೆಯ ಶಾಲೆಯಲ್ಲಿ ಕಲಿಸುತ್ತಿದ್ದವರು, ಜೈನರ ಮನೆ. ಬಟ್ಟೆಯ ಚೀಲದಿಂದ ಒಂದು ಇಟಲಿಯ ಮಿಷಿನು ತೆಗೆದು ಮೇಜಿನ ಮೇಲಿಟ್ಟರು. ಮನೆಯಲ್ಲಿ ಇಟ್ಟುಕೊಳ್ಳುವ ಎಕ್ಸ್‌ಪ್ರೆಸೊ ಮಿಷಿನು ಎಂಬುದೊಂದು ಉಂಟೆಂದು ನಾನು ಕಂಡದ್ದು ಅಂದೇ. ಬಾಯ್ಲರ್ ಒಂದು ಚೊಂಬಿನಷ್ಟೂ ಇಲ್ಲ. ಪೊರ್ಬುಗಳು ಕನ್ನಡಕ ಮೇಲೆ ಸರಿಸಿ ನೋಡಿ, "ಇದು ಮಿಷಿನಾ, ಮಿಷಿನಿನ ಮರಿಯಾ?" ಎಂದರು.

ಮಿಷಿನು ಟೀಚರರ ತಾಯಿಗಾಗಿ ಬಂದದ್ದು. ಅಮ್ಮನಿಗೆ ಎಂಬತ್ತರ ಹತ್ತಿರ ಪ್ರಾಯ. ಜೀವಮಾನದಲ್ಲಿ ಹೋಟೆಲಿನ ಹೊಸ್ತಿಲು ತುಳಿದವರಲ್ಲ, ಮನೆಯ ಹೊರಗಿನ ನೀರೂ ಕುಡಿದವರಲ್ಲ. ಹಿಂದೊಮ್ಮೆ ಮೂಡುಬಿದಿರೆಯಲ್ಲಿ ಬಸ್ಸಿಗೆ ಕಾಯುತ್ತ ಹೋಟೆಲಿನೊಳಗೆ ಮಿಷಿನು ಸುಯ್ಯೆಂದು ಹಾಲು ಉಕ್ಕಿಸುವುದನ್ನು ನೋಡಿದ್ದರಂತೆ. ಅಂದಿನಿಂದ ಮಗಳ ಹತ್ತಿರ ಒಂದೇ ಪ್ರಶ್ನೆ, "ಆ ನೊರೆ ಬಾಯಿಗೆ ಹೇಗಿರ್ತದೆ?" ಕುವೈಟಿನಲ್ಲಿದ್ದ ಮಗನ ಕಿವಿಗೆ ಇದು ಬಿದ್ದು, ಆತ ರಜೆಗೆ ಬರುವಾಗ ಈ ಮಿಷಿನನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದ.

ತೊಂದರೆ ಬೇರೆ ಇತ್ತು. ಜೈನರ ವ್ರತದಂತೆ ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆ ಮೊದಲೇ ಅಮ್ಮನ ಆಹಾರ ಮುಗಿಯಬೇಕು. ಆಮೇಲೆ ಮರುದಿನ ಬೆಳಗಿನವರೆಗೆ ಏನೂ ಇಲ್ಲ. ಮಿಷಿನು ನಡೆಸಲು ಬರುವುದು ಟೀಚರರಿಗೆ ಒಬ್ಬರಿಗೆ. ಅವರು ಶಾಲೆ ಮುಗಿಸಿ ಬಸ್ಸಿಳಿದು ಮನೆ ಸೇರಿದ ಮೇಲೆ ಉಳಿಯುವುದು ಅರ್ಧ ಗಂಟೆಯಷ್ಟು ಹೊತ್ತು. ಸಂಜೆಯ ಕರೆಂಟೋ, ಬಲ್ಬಿನ ತಂತಿ ಎಣಿಸಬಹುದಾದಷ್ಟು ಮಂಕು. "ನೊರೆ ಬರುವಷ್ಟರಲ್ಲಿ ಹೊತ್ತು ಮೀರಿ ಹೋಗ್ತದೆ ವಾಮನ. ಅಮ್ಮ ಲೋಟ ಬದಿಗಿಟ್ಟು ಎದ್ದು ಬಿಡ್ತಾರೆ. ಬೇಗ ಆಗುವ ಹಾಗೆ ಮಾಡಿಕೊಡ್ತೀರಾ?" ಎಂದರು ಟೀಚರ್.

ಬೇಗ ಎಂದರೆ ನನಗೆ ನಾಲ್ಕು ತೂತು. ಒಂದೇ ದೊಡ್ಡ ತೂತಿದ್ದ ಅಸಲು ಇಟಲಿಯ ನೋಜಲನ್ನು ಹಿಂದುಮುಂದು ನೋಡದೆ ಕೊರೆದೆ. ಪರೀಕ್ಷೆಗೆ ಹಾಲಿಟ್ಟು ಹಬೆ ಬಿಟ್ಟರೆ ಒಮ್ಮೆ ಭುಸ್ಸೆಂದು ಬಂತು, ಮತ್ತೆ ಸುಸ್ತಾಯಿತು. ಚೊಂಬಿನಷ್ಟು ಬಾಯ್ಲರಿನ ಹಬೆ ನಾಲ್ಕು ಬಾಗಿಲಿನಿಂದ ಒಮ್ಮೆಲೇ ಹೊರಬಿದ್ದು, ಮತ್ತೆ ಹಬೆ ಕಟ್ಟಲು ಕಾಯುತ್ತ ಕೂರಬೇಕು. ಹಾಲು ಉಗುರು ಬೆಚ್ಚಗೆ, ಮೇಲಿಂದ ನೀರು ನೀರು. ಪೊರ್ಬುಗಳು ಒಂದು ಚಮಚ ಬಾಯಿಗೆ ಹಾಕಿ, "ಇದಕ್ಕಿಂತ ತೋಡಾರಿನಲ್ಲಿ ಹರಿಯುವ ತೋಡಿನ ನೀರು ದಪ್ಪ ಉಂಟು" ಎಂದರು.

ಎರಡು ದಿನ ಹಿತ್ತಾಳೆ ಹಾಳು ಮಾಡಿ ಕಲಿತದ್ದು ಇಷ್ಟು. ಸಣ್ಣ ಬಾಯ್ಲರಿಗೆ ಸಣ್ಣ ತೂತೇ ಆಗಬೇಕು. ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆಯ ಎರಡು ತೂತು ಕೊರೆದಾಗ ಹಬೆ ಮೆಲ್ಲಗೆ ಬಂತು, ಆದರೆ ಕಡೆಯವರೆಗೂ ನಿಲ್ಲದೆ ಬಂತು. ನಡುವೆ ಕಾಯುವ ಕೆಲಸವೇ ತಪ್ಪಿದ್ದರಿಂದ ಒಂದು ಲೋಟ ಹಾಲು ಮೊದಲಿಗಿಂತ ಬೇಗ ಆಯಿತು. ನಿಧಾನ ಮಾಡಿ ಬೇಗ ಮುಗಿಸುವುದು ಎಂಬುದನ್ನು ಆ ಮರಿ ಮಿಷಿನು ನನಗೆ ಕಲಿಸಿತು.

ಒಂದು ತಕರಾರು ಉಳಿಯಿತು. ಅಸಲು ನೋಜಲನ್ನು ನಾನೇ ಕೆಡಿಸಿದ್ದೆ. ಹೊಸತು ಮಾಡಿದರೆ ಅದರ ತ್ರೆಡ್ಡು, ಅಂದರೆ ಕೊಳವೆಗೆ ತಿರುಗಿಸಿ ಕೂರಿಸುವ ಗೆರೆಗಳು, ಇಟಲಿಯ ಅಳತೆಗೆ ನಮ್ಮ ಹಳೆಯ ಲೇತಿನಲ್ಲಿ ಸರಿಯಾಗಿ ಬರುವುದಿಲ್ಲ. ಹತ್ತಿರ ಹತ್ತಿರ ಬರುತ್ತದೆ, ಸಂದಿನಲ್ಲಿ ಹಬೆ ಸೋರುತ್ತದೆ. ಅದಕ್ಕೆ ಮದ್ದು ವರ್ಕ್‌ಶಾಪಿನಲ್ಲಿ ಯಾವತ್ತೂ ಇದ್ದದ್ದೇ. ಪೈಪಿಗೆ ಸುತ್ತುವ ಈಗಿನ ಬಿಳಿ ಟೇಪು ಆಗ ನಮ್ಮ ಕಡೆ ಕಂಡಿರಲಿಲ್ಲ. ಹತ್ತಿಯ ನೂಲನ್ನು ಕಪಾಟಿನ ತಗಡಿನ ಡಬ್ಬಿಯಲ್ಲಿ ಅದ್ದಿ, ಗೆರೆಗಳ ಮೇಲೆ ಸುತ್ತಿ ಬಿಗಿದೆ. ಒಂದು ಹನಿ ಸೋರಲಿಲ್ಲ.

ಬೆಳುವಾಯಿಗೆ ನಾನೇ ಹೋಗಿ ಕೂರಿಸಿಕೊಟ್ಟೆ. ಮಿಷಿನು ಮನೆಯ ಮುಂದಿನ ಚಾವಡಿಯಲ್ಲಿ, ಒಂದು ಬೆಂಚಿನ ಮೇಲಿತ್ತು. ಎದುರಿನ ಮರದ ಕಂಬಕ್ಕೆ ಸುಣ್ಣದ ಒಂದು ಗೆರೆ ಎಳೆದಿದ್ದರು. ಸಂಜೆಯ ಬಿಸಿಲು ಕಂಬ ಹತ್ತುತ್ತ ಆ ಗೆರೆ ಮುಟ್ಟಿದರೆ ಅಮ್ಮನ ಹೊತ್ತು ಮುಗಿಯಿತು. ತಿಂಗಳಿಗೊಮ್ಮೆ ಟೀಚರ್ ಗೆರೆ ಬದಲಿಸುತ್ತಿದ್ದರಂತೆ. ಅಂದು ಬಿಸಿಲು ಗೆರೆಗಿಂತ ಒಂದು ಗೇಣು ಕೆಳಗಿರುವಾಗಲೇ ಅಮ್ಮನ ಕೈಗೆ ಲೋಟ ಬಂತು. ಕುಡಿದರು, ನೊರೆಯನ್ನು ನಾಲಿಗೆಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರು. ಅವರದ್ದು ಬರೀ ತುಳು, ನಾನಿಲ್ಲಿ ಕನ್ನಡ ಮಾಡಿದ್ದೇನೆ.

"ಇದನ್ನು ಹೋಟೆಲಿಗೆ ಹೋಗುವವರು ಇಷ್ಟು ವರ್ಷ ಅವರು ಮಾತ್ರ ಕುಡಿದ್ರಾ?" ಎಂದರು. ಮನೆಯವರೆಲ್ಲ ನಕ್ಕರು. ನನ್ನ ಕೆಲಸದಿಂದ ಒಬ್ಬರಿಗೆ ಇಷ್ಟು ಸಂತೋಷವಾದದ್ದನ್ನು ನಾನು ಮೊದಲು ನೋಡಿರಲಿಲ್ಲ.

ಎರಡು ತಿಂಗಳು ಕಳೆದು ಟೀಚರರ ಕಾಗದ ಬಂತು. ನೋಜಲಿನ ಬುಡದಲ್ಲಿ ಸಣ್ಣಗೆ ಹನಿ ಬೀಳುತ್ತಿದೆ, ಬಿಡುವಾದಾಗ ಬನ್ನಿ ಎಂದು. ಒಂದು ಭಾನುವಾರ ಹೋದೆ. ನೋಜಲ್ ಬಿಚ್ಚಿ ಕೈಯಲ್ಲಿ ಹಿಡಿದು, ಬಾಯ್ಲರಿಗೆ ನೀರು ಕೇಳಿದೆ. ಟೀಚರ್ ಬಾವಿಯಿಂದ ಸೇದಿದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಕೊಟ್ಟರು. ಆಮೇಲೆ ಬಟ್ಟೆಯನ್ನು ಮಗುಚಿ ಹಿಡಿದು, ಮೇಲಿಂದ ನೀರು ಹೊಯ್ದು, ಆ ನೀರನ್ನು ಕೊಡದಲ್ಲಿ ಮೆಲ್ಲಗೆ ಬಾವಿಯ ತಳಕ್ಕೆ ಇಳಿಸಿದರು.

"ಅದು ಎಂಥಕ್ಕೆ ಟೀಚರ್?" ಎಂದು ಕೇಳಿದೆ.

"ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿದಿರ್ತವೆ. ಬಾವಿಯದ್ದು ಬಾವಿಗೇ ಹೋಗಲಿ."

ನನ್ನ ಬೆರಳು ಜಿಡ್ಡಾಗಿತ್ತು. ನೋಜಲಿಗೆ ಸುತ್ತಿದ ನೂಲಿನ ಜಿಡ್ಡು. ಆ ತಗಡಿನ ಡಬ್ಬಿಯಲ್ಲಿ ಇದ್ದದ್ದು ಚರ್ಬಿ, ಆಡಿನ ಕೊಬ್ಬನ್ನು ಕರಗಿಸಿ ಸೋಸಿದ್ದು. ಪೊರ್ಬುಗಳ ಅಪ್ಪನ ಕಾಲದಿಂದ ಹಬೆಯ ಕೆಲಸಕ್ಕೆಲ್ಲ ಅದನ್ನೇ ಬಳಸುವುದು. ಬಿಸಿಗೆ ಕರಗಿ ನೂಲಿಗೆ ಇಳಿಯುತ್ತದೆ, ಸಂದು ಮುಚ್ಚುತ್ತದೆ. ಜೈನರು ಮಾಂಸ ಮುಟ್ಟುವುದಿಲ್ಲ ಎಂಬುದು ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಆದರೆ ಡಬ್ಬಿ ಮುಟ್ಟುವಾಗ ಅದು ಆಡಿನದ್ದು ಎಂಬ ನೆನಪೇ ನಮಗ್ಯಾರಿಗೂ ಇರಲಿಲ್ಲ. ಅದು ಗ್ರೀಸಿನ ಹಾಗೆ, ಉಜ್ಜುವ ಎಮರಿ ಕಾಗದದ ಹಾಗೆ ಕಪಾಟಿನ ಒಂದು ಸಾಮಾನು. ಎರಡು ತಿಂಗಳು ಆ ನೂಲಿನ ಮೂಲಕ ಹಬೆ ಹಾದು, ಆ ಹಾಲು ಅಮ್ಮನ ಹೊಟ್ಟೆಗೆ ಹೋಗಿತ್ತು. ನೋಜಲ್ ಹಾಳಾಗಿದೆ, ವರ್ಕ್‌ಶಾಪಿಗೆ ಒಯ್ಯಬೇಕು ಎಂದು ಹೇಳಿ ಅಲ್ಲಿಂದ ಎದ್ದೆ.

ಪೊರ್ಬುಗಳು ಕೇಳಿ ತಲೆಗೆ ಕೈ ಇಟ್ಟುಕೊಂಡರು. ಡಬ್ಬಿಯನ್ನು ತಾವೇ ತೆಗೆದು ಹಿತ್ತಿಲಲ್ಲಿ ಹುಗಿದು ಬಂದರು. ಮತ್ತೆ ಹೇಳಿದರು, "ನೋಡು ವಾಮನ, ಒಳ್ಳೇದು ಮಾಡಿ ಕೂರಿಸಿ ಬಾ. ಬಾಯಿ ಬಿಡ್ಬೇಡ. ಗೊತ್ತಾಗಿ ಆ ಅಜ್ಜಿಗೆ ಆಗುವ ಪ್ರಯೋಜನ ಎಂಥದ್ದು? ಸಂಕಟ ಮಾತ್ರ." ನೂಲಿಗೆ ಜೇನುಮೇಣ ಹಚ್ಚುವ ಎಂದರು. ಅವರು ಜೇನೂ ತಿನ್ನುವವರಲ್ಲ ಎಂದೆ. ಆಗ ಇಬ್ಬರಿಗೂ ಹೊಳೆಯಿತು, ನೂಲೇ ಬೇಡದ ಹಾಗೆ ಮಾಡಬೇಕು.

ದಾರಿ ಮೊದಲಿನಿಂದಲೂ ಕಣ್ಣೆದುರೇ ಇತ್ತು. ನಾನು ಕೊರೆದು ಕೆಡಿಸಿದ ಇಟಲಿಯ ನೋಜಲಿನ ತಲೆ ಮಾತ್ರ ಹಾಳು, ಅದರ ಗೆರೆಗಳು ಸರಿಯಾಗಿಯೇ ಇದ್ದವು. ತಲೆ ಕತ್ತರಿಸಿ, ಎರಡು ತೂತಿನ ಹೊಸ ತಲೆಯನ್ನು ಆ ಬುಡಕ್ಕೆ ಕೂಡಿಸಿದರೆ ಮುಗಿಯಿತು. ಸೀಸದ ಬೆಸುಗೆ ಬಾಯಿಗೆ ಹೋಗುವ ವಸ್ತುವಿಗೆ ಆಗದು. ಮೂಡುಬಿದಿರೆಯ ಒಬ್ಬ ಚಿನ್ನದ ಕೆಲಸದವರ ಹತ್ತಿರ ಕೂತು ಬೆಳ್ಳಿಯ ಬೆಸುಗೆ ಹಾಕಿಸಿದೆ. ಕೂರುವ ಜಾಗವನ್ನು ಎಮರಿಯಲ್ಲಿ ಉಜ್ಜಿ ಉಜ್ಜಿ, ಹಿತ್ತಾಳೆಗೆ ಹಿತ್ತಾಳೆ ಸೇರುವ ಹಾಗೆ ಮಾಡಿದೆ. ಒಂದು ವಾರದ ಕೆಲಸ. ಮೊದಲೇ ಮಾಡಬಹುದಿತ್ತು. ನೂಲು ಸುತ್ತಿದರೆ ಸಾಕು ಎಂಬ ಸೋಮಾರಿತನ ಆಗ ಬಿಡಲಿಲ್ಲ.

ಮುಂದಿನ ಭಾನುವಾರ ಸಂಜೆ ಅದನ್ನು ಕೂರಿಸಿದೆ. ಸೋರಿಕೆ ಇಲ್ಲ, ನೊರೆ ಮೊದಲಿಗಿಂತ ನಯ. ಪೊರ್ಬುಗಳ ಮಾತಿನಂತೆ ಬಾಯಿ ಮುಚ್ಚಿಕೊಂಡು ಎದ್ದು ಬರುವುದೆಂದು ನಿಶ್ಚಯಿಸಿಯೇ ಹೋಗಿದ್ದೆ. ವಾರದಿಂದ ನೊರೆ ಕಾಣದ ಅಮ್ಮ ಲೋಟ ಹಿಡಿದು ಬೆಂಚಿನ ಹತ್ತಿರವೇ ಕೂತಿದ್ದರು.

"ಮೊದಲಿನದಕ್ಕೆ ಎಂಥ ಆಗಿತ್ತು ಮಗಾ?" ಎಂದು ಸುಮ್ಮನೆ ಕೇಳಿದರು.

ಸೋರುತ್ತಿತ್ತು ಎಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಮಗಾ ಎಂದು ಕರೆದದ್ದಕ್ಕೋ ಏನೋ, ನನ್ನಿಂದ ಆಗಲಿಲ್ಲ. ನೂಲಿನ ವಿಷಯ, ಡಬ್ಬಿಯ ವಿಷಯ ಎಲ್ಲ ಹೇಳಿದೆ.

ಅಮ್ಮ ಲೋಟವನ್ನು ಕೆಳಗಿಟ್ಟರು. "ಗೊತ್ತಿದ್ದು ಹಾಕಿದ್ದಾ?"

"ಇಲ್ಲ ಅಮ್ಮ. ಕೈ ಅಭ್ಯಾಸದಲ್ಲಿ ಹಾಕಿದ್ದು."

ಅಮ್ಮ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಟೀಚರ್ ಹೊರಗೆ ಬಂದರು. ಅವರ ಮುಖ ಕೆಂಪಾಗಿತ್ತು. "ಮೂರು ದಿನ ಉಪವಾಸವಂತೆ. ಬರೀ ನೀರು. ಈ ಪ್ರಾಯದಲ್ಲಿ. ನೀವು ನನ್ನ ಹತ್ತಿರ ಹೇಳಬಹುದಿತ್ತು ವಾಮನ. ಅವರ ಎದುರಿಗೇ ಯಾಕೆ ಹೇಳಿದಿರಿ?" ಎಂದರು. ಚರ್ಬಿ ಹಾಕಿದ್ದಕ್ಕಿಂತ ಹೇಳಿದ್ದಕ್ಕೇ ಅವರಿಗೆ ಹೆಚ್ಚು ಸಿಟ್ಟು ಬಂದಿತ್ತು, ಅದು ನ್ಯಾಯವೇ ಆಗಿತ್ತು.

ಆ ಮೂರು ದಿನ ನನಗೆ ಕೆಲಸ ಕೈಗೆ ಹತ್ತಲಿಲ್ಲ. ಮುದುಕಿಯ ಜೀವಕ್ಕೆ ಏನಾದರೂ ಆದರೆ ಅದು ನನ್ನ ತಲೆಯ ಮೇಲೆ. ಮನಸ್ಸು ಹಗುರ ಮಾಡಿಕೊಳ್ಳಲು ನನ್ನ ಭಾರವನ್ನು ಅವರ ತಲೆಗೆ ಹೊರಿಸಿ ಬಂದೆನೇ ಎಂದು ಅನಿಸುತ್ತಿತ್ತು. ಪೊರ್ಬುಗಳು, "ನೋಜಲ್ ಹಾಕ್ಬೇಕಾದ್ದು ನಿನ್ನ ಬಾಯಿಗೆ" ಎಂದು ಗದರಿದರು. ಆದರೆ ಮೂರೂ ದಿನ ಊಟದ ಹೊತ್ತಿಗೆ ಅವರೂ ಬುತ್ತಿ ಬಿಚ್ಚದೆ ಆಚೆ ಈಚೆ ತಿರುಗುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಮೂಡುಬಿದಿರೆಯಿಂದ ಬಂದ ಬಸ್ಸಿನ ಕಂಡಕ್ಟರ್ ಹತ್ತಿರ ಟೀಚರ್ ಹೇಳಿ ಕಳಿಸಿದ್ದರು. ಅಮ್ಮ ಗಂಜಿ ಕುಡಿದಿದ್ದಾರೆ, ಸಂಜೆ ವಾಮನ ಬರಬೇಕಂತೆ. ಬರಬೇಕು ಎಂದದ್ದು ಯಾಕೆಂದು ಹೇಳಿರಲಿಲ್ಲ. ಬಸ್ಸಿನಲ್ಲಿ ಕೂತವನಿಗೆ ದಾರಿಯೇ ಮುಗಿಯಲಿಲ್ಲ.

ಅಮ್ಮ ಚಾವಡಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮುಖ ಇಳಿದಿತ್ತು, ಕಣ್ಣು ಚುರುಕಾಗಿಯೇ ಇತ್ತು. ಮಿಷಿನಿನ ಕಡೆ ಬೆರಳು ತೋರಿಸಿದರು. "ಈಗ ಅದರಲ್ಲಿ ಎಂಥೆಲ್ಲ ಉಂಟು, ಹೇಳು."

"ಹಿತ್ತಾಳೆ ಅಮ್ಮ. ಒಂದು ಚೂರು ಬೆಳ್ಳಿ. ಬೆಸುಗೆ ಹಿಡಿಯಲು ಬಿಳಿಗಾರದ ಪುಡಿ ಹಾಕಿದ್ದರು, ಅದನ್ನು ಕುದಿಯುವ ನೀರಿನಲ್ಲಿ ತೊಳೆದಿದ್ದೇನೆ. ನೂಲಿಲ್ಲ, ಎಣ್ಣೆಯೂ ಇಲ್ಲ."

"ಸರಿ. ಮಾಡು."

ಟೀಚರ್ ತಡೆಯಲಾರದೆ ಕೇಳಿಯೇಬಿಟ್ಟರು, "ಅಮ್ಮಾ, ಮತ್ತೆ ಅದೇ ಮಿಷಿನಿನಲ್ಲಾ? ಬಿಚ್ಚಿ ನೋಡಿದರೆ ನಮಗೆ ಎಂಥ ಗೊತ್ತಾಗ್ತದೆ? ಇವರು ಹೇಳಿದ್ದನ್ನು ನಂಬಬೇಕಷ್ಟೆ."

ಅಮ್ಮ ಮಗಳ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. "ನಂಬದೆ ಮತ್ತೆ? ಯಾರಿಗೂ ಗೊತ್ತಾಗದ್ದನ್ನು ಇವನೇ ಹೇಳಿದ್ದಲ್ವಾ."

ಹಾಲಿನ ಪಾತ್ರೆಯನ್ನು ನೋಜಲಿಗೆ ಒಡ್ಡಿ ಹಬೆ ಬಿಟ್ಟೆ. ಕಣ್ಣು ಮಂಜಾದದ್ದು ಹಬೆಗಲ್ಲ, ಅದನ್ನು ಈಗ ಒಪ್ಪಿಕೊಳ್ಳಲು ನನಗೆ ನಾಚಿಕೆ ಇಲ್ಲ. ಪಾತ್ರೆಯಿಂದ ಹಳೇ ಲುಂಗಿ ಹರಿದ ಶಬ್ದ ಬಂತು. ಅದನ್ನೇ ಕೇಳುತ್ತ ಹಾಲು ಕಾಯಿಸಿದೆ.

ಅಮ್ಮ ನಿಧಾನವಾಗಿ ಕುಡಿದು ಮುಗಿಸಿದರು. ತುಟಿಯ ಮೇಲಿನ ನೊರೆಯನ್ನು ಸೆರಗಿನಲ್ಲಿ ಒರೆಸಿಕೊಂಡು ಕಂಬದ ಕಡೆ ತಿರುಗಿದರು. ಬಿಸಿಲು ಸುಣ್ಣದ ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು.

"ಹೊತ್ತು ಇನ್ನೂ ಉಂಟು" ಎಂದು ಲೋಟವನ್ನು ನನ್ನ ಮುಂದೆ ಹಿಡಿದರು. "ಇನ್ನರ್ಧ ಹಾಕು."